ಗಿಳಿಯೋ, ಅಲ್ಲವೋ

ನಾಗವರ್ಮನ ಕರ್ನಾಟಕ ಕಾದಂಬರಿಯಲ್ಲಿ ವೈಶಂಪಾಯನನೆಂಬ ಗಿಳಿ ಶೂದ್ರಕ ರಾಜನೆದುರು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಹಿಂದಿನ ಜನ್ಮದ ಸಂಗತಿಯೂ ಅದರಲ್ಲಿ ಬಂದುಹೋಗುತ್ತದೆ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಹಕ್ಕಿಗೆ ಆ ಭಾಗ್ಯವಿಲ್ಲ. ಅದರಿಂದ ಉಳಿದಿರುವುದು ಬಿಡಿಬಿಡಿ ಪುಟ್ಟ ಎಲುಬುಗಳು ಮಾತ್ರ. ಅದರ ಪರವಾಗಿ ನಾವೇ ಮಾತಾಡಬೇಕು. ಎಷ್ಟು ಮಾತಾಡಬಹುದು ಎಂಬುದೇ ನನ್ನ ಪ್ರಶ್ನೆ.

2007ರಲ್ಲಿ, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪಳೆಯುಳಿಕೆ ತಜ್ಞರಾದ ಜರ್ಮನಿಯ ಗೆರಾಲ್ಡ್ ಮೈರ್, ನಮ್ಮ ಅಶೋಕ್ ಸಾಹ್ನಿ ಮತ್ತು ಸಂಗಡಿಗರು ಈ ಹಕ್ಕಿಗೆ ವಸ್ತಾನವಿಸ್ ಎಂಬ ಹೊಸ ಕುಲವನ್ನೇ ಕಟ್ಟಿದರು. ಊರಿನ ಹೆಸರಿಗೆ, ಹಕ್ಕಿ ಎಂಬರ್ಥದ ಲ್ಯಾಟಿನ್ ಪದದ ಬಾಲ. ವಯಸ್ಸು 5 ಕೋಟಿ ವರ್ಷಕ್ಕೂ ಹೆಚ್ಚು. ಮುಖ್ಯ ಸಾಕ್ಷಿ ಕೊರಾಕಾಯ್ಡ್ ಎಂಬ ಮೂಳೆ. ಕೋಳಿ ತಿನ್ನುವವರು ಇದನ್ನು ಕಂಡೇ ಇರುತ್ತೀರಿ: ರೆಕ್ಕೆಯ ಬುಡದಿಂದ ಎದೆಮೂಳೆಗೆ ಊರುಗೋಲಿನಂತೆ ನಿಂತಿರುವ ಗಟ್ಟಿ ಎಲುಬು. ರೆಕ್ಕೆ ಬಡಿಯುವಾಗ ಎದೆಗೂಡು ಕುಸಿಯದಂತೆ ತಡೆಯುವುದು ಅದರ ಕೆಲಸ. ಅದರ ಅಂಚು, ಹಳ್ಳ, ತೂತುಗಳು ಹಕ್ಕಿಯ ವಂಶಕ್ಕೆ ತಕ್ಕಂತೆ ಬದಲಾಗುವುದರಿಂದಲೇ ಒಂದು ಎಲುಬಿನಿಂದ ಇಷ್ಟೆಲ್ಲ ಹೇಳಲು ಬರುತ್ತದೆ.

2010ರಲ್ಲಿ ಎರಡನೆಯ ಪ್ರಭೇದವೂ ಸೇರಿತು, ಖಂಭಾತಿನ ಹಳೆಯ ಹೆಸರು ಹೊತ್ತ ಕ್ಯಾಂಬೆಯೆನ್ಸಿಸ್. ಆ ಲೇಖನದ ಶೀರ್ಷಿಕೆಯಲ್ಲಿ ಗಿಳಿಗಳ ಗಣದ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು.

ಇಷ್ಟು ಓದಿದವರೇ ಗಿಳಿಯೋ ಅಲ್ಲವೋ ಹೇಳಲಾರದೆ ಹೋದರೆ ಏನು ಪ್ರಯೋಜನ ಎಂದು ಯಾರಾದರೂ ಕೇಳಿಯಾರು. ಈ ಮಾತಿನ ಹಿಂದೆ, ಅರಿವೆಂದರೆ ಹೌದು-ಅಲ್ಲಗಳ ಉತ್ತರ ಎಂಬ ನಂಬಿಕೆಯಿದೆ. ನಾನು ಅದನ್ನು ಒಪ್ಪಲಾರೆ. ಶ್ರವಣಬೆಳಗೊಳದ ಎಷ್ಟೋ ಶಾಸನಗಳು ಜೈನ ತರ್ಕವಾದ ಸ್ಯಾದ್ವಾದದ ಸ್ತುತಿಯಿಂದಲೇ ಶುರುವಾಗುತ್ತವೆ. ಅಹಮದಾಬಾದಿನ ಜೈನ ಪಂಡಿತರಿಗೂ ಅದು ಮನೆಮಾತು. ‘ಸ್ಯಾತ್’ ಎಂದರೆ ‘ಇರಬಹುದೇನೋ’ ಎಂಬ ಅಳುಕೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ಇಲ್ಲಿ ನಿಂತು ನೋಡಿದರೆ ಹೀಗೆ, ಎಂದು ನಿಂತ ಜಾಗವನ್ನೂ ಸೇರಿಸಿ ಹೇಳುವ ಕಟ್ಟುನಿಟ್ಟು ಅದು. ಈ ಹಕ್ಕಿಯ ಮಾತೂ ಹಾಗೆಯೇ. ಫ್ರಾನ್ಸಿನ ಕ್ವೆರ್ಸಿಯಲ್ಲಿ ದೊರೆತ ಕ್ವೆರ್ಸಿಪ್ಸಿಟ್ಟಾ ಎಂಬ ಪಳೆಯುಳಿಕೆ ಹಕ್ಕಿಯ ಪಕ್ಕದಲ್ಲಿಟ್ಟು ನೋಡಿದರೆ ವಸ್ತಾನದ ಹಕ್ಕಿ ಅದರ ನೆಂಟನಂತೆ ಕಾಣುತ್ತದೆ. ಆ ನೆಂಟನೇ ಗಿಳಿಯಾಗಿದ್ದರೆ ಇದೂ ಗಿಳಿಯ ಕಡೆಯದು. ಆ ಚಿಹ್ನೆ ಮುಚ್ಚಿಡದೆ ತೋರಿಸುವುದು ಈ ‘ಆಗಿದ್ದರೆ’ಯನ್ನು. ಮುಂದೆ ಇನ್ನಷ್ಟು ಎಲುಬುಗಳು ಸಿಕ್ಕಿ, ಗಿಳಿ ವಂಶದ ಬುಡದಲ್ಲೆಲ್ಲೋ ಇದರ ಜಾಗ ಎಂಬ ವಾದ ಗಟ್ಟಿಯಾಯಿತು. ಹಾಗಾದದ್ದು ಮೊದಲೇ ಅನುಮಾನವನ್ನು ಅಳತೆಮಾಡಿ ಇಟ್ಟಿದ್ದರಿಂದ. ಎಲ್ಲ ಅನುಮಾನಕ್ಕೂ ನಾನು ಈ ಮರ್ಯಾದೆ ಕೊಡುವುದಿಲ್ಲ. ಎಲುಬನ್ನು ಕೈಯಲ್ಲಿ ಹಿಡಿಯದವನ ಅನುಮಾನ ಬರೀ ಸೋಮಾರಿತನ.

ಹೆಸರಿನ ಹೆಮ್ಮೆಯೂ ಹೀಗೆಯೇ. ಇದನ್ನು ‘ಗುಜರಾತಿನ ಹಕ್ಕಿ’ ಎನ್ನಲು ಆಸೆಯಾಗುತ್ತದೆ. ಆದರೆ ಅದು ಹಾರುತ್ತಿದ್ದಾಗ ಭಾರತವೇ ಬಡಗಣಕ್ಕೆ ತೇಲುತ್ತಿದ್ದ ನೆಲದ ತುಂಡು, ಹಿಮಾಲಯ ಎದ್ದಿರಲಿಲ್ಲ. ಅದೇ ಗಣಿಯ ರಾಳದಲ್ಲಿ ಸಿಕ್ಕ ಕೀಟಗಳಿಗೂ ಹೊರದೇಶಗಳ ನಂಟಿದೆ. ಅಮೆರಿಕದ ಗ್ರೀನ್ ರಿವರ್ ಪದರಗಳಲ್ಲಿ ಸಿಕ್ಕ ಅವೊಲಟಾವಿಸ್ ಹಕ್ಕಿಯನ್ನೂ ಇದರ ಕುಟುಂಬಕ್ಕೇ ಸೇರಿಸುತ್ತಾರೆ. ಊರಿಗೆ ಸೇರಿದ್ದು ಹೆಸರು, ಹಕ್ಕಿಯಲ್ಲ.

ಇನ್ನು ಗಣಿ. ಅಲ್ಲಿ ಅಗೆದದ್ದು ಹಕ್ಕಿಗಾಗಿ ಅಲ್ಲ, ಉರುವಲಿಗಾಗಿ. ವಡೋದರಾದ ವಿದ್ಯುತ್ ಕಂಪನಿಯೊಂದು ನಾನಿ ನರೋಲಿಯ ಸ್ಥಾವರಕ್ಕೆ ಆ ಲಿಗ್ನೈಟನ್ನು ಒಯ್ದು ಉರಿಸುತ್ತಿತ್ತು. ಅಗೆಯದಿದ್ದರೆ ಎಲುಬು ಕಾಣುತ್ತಿರಲಿಲ್ಲ. ಅಗೆದುದರಲ್ಲಿ ಕಾಣದೆ ಹೋದದ್ದೆಷ್ಟೋ. ಇದಕ್ಕೆ ಯಾರನ್ನೂ ಬೈಯಲಾರೆ, ಸಮಾಧಾನವನ್ನೂ ಹೇಳಿಕೊಳ್ಳಲಾರೆ.

ವಸ್ತಾನದ ಹಕ್ಕಿಯ ಚಿತ್ರ ಬರೆಯುವವರಲ್ಲಿ ಒಂದು ಕೋರಿಕೆ. ಎಲುಬು ಸಿಕ್ಕ ಕಡೆ ಗಟ್ಟಿ ಗೆರೆ ಎಳೆಯಿರಿ, ಉಳಿದ ಕಡೆ ಚುಕ್ಕಿ ಗೆರೆ. ಹಸಿರು ಬಣ್ಣ ಸದ್ಯಕ್ಕೆ ಡಬ್ಬಿಯಲ್ಲೇ ಇರಲಿ.