ಅಸಲು ಯಾವುದು?

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವುದು ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ಬೀದಿಯಲ್ಲಿ ಕಲಾಯಿಯವನ ಕೂಗು ಕೇಳಿದರೆ ಸಾಕು, ಅಟ್ಟದ ಮೇಲಿನ ಪಾತ್ರೆಗಳೆಲ್ಲ ಅಂಗಳಕ್ಕೆ ಇಳಿಯುತ್ತಿದ್ದವು. ಕಪ್ಪಿಟ್ಟಿದ್ದ ಒಳಮೈ ಬೆಳ್ಳಗೆ ಹೊಳೆದು ಬಂದಾಗ 'ಪಾತ್ರೆ ಬದಲಾಯಿತು' ಎಂದು ಯಾರೂ ಹೇಳಲಿಲ್ಲ. ಅಜ್ಜಿಯ ಪಾತ್ರೆ ಅಜ್ಜಿಯ ಪಾತ್ರೆಯೇ. ಆದರೆ ತಳ ತೂತಾಗಿ ಹೊಸ ತಳ ಹಾಕಿಸಿದರೆ? ಕಂಠ ಸೀಳಿ ಬೇರೆ ಕಂಠ ಬೆಸೆದರೆ? ಎಲ್ಲಿಯವರೆಗೆ ಅದು ಅಜ್ಜಿಯದು, ಎಲ್ಲಿಂದಾಚೆಗೆ ಅಂಗಡಿಯದು?

ಈ ಪ್ರಶ್ನೆ ನನಗೆ ನಿಜವಾಗಿ ಎದುರಾದದ್ದು ಅಡುಗೆಮನೆಯಲ್ಲಲ್ಲ, ಒಂದು ಹಳೆಯ ಮೋಟಾರ್ ಸೈಕಲ್ಲಿನಿಂದ.

ಜಾವಾ ಎಂಬ ಹೆಸರು ಹಳೆಯ ಮೈಸೂರು ಸೀಮೆಯವರಿಗೆ ಹೊಸದಲ್ಲ. 1929ರಲ್ಲಿ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡುಕೊಂಡು, ಎರಡೂ ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ಇಟ್ಟ ಹೆಸರು ಅದು. 1960ರ ದಶಕದ ಆರಂಭದಲ್ಲಿ ಅದೇ ಗಾಡಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿಗಳು ಮತ್ತೆ ಬಂದವು. ಆದರೆ ಅವುಗಳ ಎಂಜಿನ್ ಬೇರೆ ಜಾತಿಯದು, ಹಳೆಯದರ ಆ ಟಣಟಣ ಸದ್ದು ಅದರಲ್ಲಿಲ್ಲ.

ಆ ಸದ್ದಿನ ಗುಟ್ಟನ್ನು ನನಗೆ ಹೇಳಿಕೊಟ್ಟವನು ಅಕ್ಕನ ಮಗ. ಹಳೆಯದು ಟು-ಸ್ಟ್ರೋಕ್. ಪಿಸ್ಟನ್ ಒಂದು ಸಲ ಮೇಲೆ ಹೋಗಿ ಒಂದು ಸಲ ಕೆಳಗೆ ಬಂದರೆ ಅದರ ಕೆಲಸದ ಸುತ್ತು ಮುಗಿಯಿತು. ಈಗಿನ ಗಾಡಿಗಳಲ್ಲಿ ಅದಕ್ಕೆ ನಾಲ್ಕು ಓಡಾಟ ಬೇಕು. ಟು-ಸ್ಟ್ರೋಕಿನಲ್ಲಿ ಬಾಗಿಲು ತೆರೆದು ಮುಚ್ಚುವ ವಾಲ್ವುಗಳಿಲ್ಲ, ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳು. ಬಿಡಿಭಾಗ ಕಡಿಮೆಯಾದ್ದರಿಂದ ಹಳ್ಳಿಯ ಮೆಕ್ಯಾನಿಕ್ಕೂ ಹೊಂಗೆಮರದ ನೆರಳಲ್ಲಿ ಬಿಚ್ಚಿ ಜೋಡಿಸಬಲ್ಲ. ಲೀಟರ್ ಪೆಟ್ರೋಲಿಗೆ ಸುಮಾರು 40 ಮಿಲಿ ಎಣ್ಣೆ ಬೆರೆಸಬೇಕು, ಆ ಎಣ್ಣೆಯೂ ಜೊತೆಗೇ ಉರಿಯುತ್ತದೆ. ನೀಲಿ ಹೊಗೆ ಬರುವುದು ಅದಕ್ಕೇ. ಇಂಥ ಎಂಜಿನ್ನುಗಳು ನಮ್ಮ ರಸ್ತೆಗಳಿಂದ ಮರೆಯಾಗುತ್ತ ಬಂದದ್ದಕ್ಕೆ ಹೊಗೆಯ ನಿಯಮಗಳು ಬಿಗಿಯಾದದ್ದು ದೊಡ್ಡ ಕಾರಣ. ಅದು ಆಗಬೇಕಾದದ್ದೇ. ಪ್ರೀತಿಯ ಹೊಗೆಯೂ ಮಕ್ಕಳ ಎದೆಗೆ ಹೊಗೆಯೇ ತಾನೆ? ಇವನು ತಿಂಗಳಿಗೊಂದು ಭಾನುವಾರ ಮಾತ್ರ ಅದನ್ನು ಹೊರಗೆ ತೆಗೆಯುತ್ತಾನೆ ಎಂಬುದು ನನಗೊಂದು ಸಮಾಧಾನ.

ಆ ಜಾವಾ ನಮ್ಮ ಭಾವನವರದು. 1969ರ ಗಾಡಿ, ಹತ್ತು ವರ್ಷ ಓಡಿದ್ದನ್ನು ಅವರು ಕೊಂಡಿದ್ದರು. ಅದರ ಮೇಲೆ ಹೋಬಳಿ ಹೋಬಳಿ ತಿರುಗಿ ಕೃಷಿ ಇಲಾಖೆಯ ನೌಕರಿ ಮಾಡಿದರು. 2002ರಲ್ಲಿ ಮಗನ ಇಂಜಿನಿಯರಿಂಗ್ ಫೀಸಿಗೆ ಹಣ ಹೊಂದಿಸಬೇಕಾಗಿ ಬಂದಾಗ ಮಾರಿದರು. 'ಹಳೇ ಗಾಡಿ, ಎಷ್ಟು ದಿನ ಇಟ್ಕೊಳ್ಳೋದು' ಎಂದರಂತೆ. ಭಾವ ತೀರಿಕೊಂಡ ಮೇಲೆ ಮಗನಿಗೆ ಆ ಮಾತು ಕೊರೆಯಲು ಶುರುವಾಯಿತು. ಹಳೆಯ ಕಾಗದಗಳಲ್ಲಿದ್ದ ಚಾಸಿ ನಂಬರು ಹಿಡಿದು, ಕೊಂಡವರು, ಅವರಿಂದ ಕೊಂಡವರು ಎಂದು ಹುಡುಕುತ್ತ ಹೋದ. ಕೊನೆಗೆ ತಿಪಟೂರಿನ ಕಡೆಯ ಒಂದು ತೋಟದ ಮನೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ, ಕೋಳಿಗಳು ಮಲಗುವ ಜಾಗದಲ್ಲಿ ಅದು ಸಿಕ್ಕಿತು.

ಆಮೇಲಿನದು ಎರಡು ವರ್ಷದ ಕೆಲಸ. ಸಿಲಿಂಡರ್ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಿದ. ಬೇರಿಂಗು, ರಿಮ್ಮು, ಕಡ್ಡಿಗಳು, ವೈರು, ಸೀಟು, ರಬ್ಬರು ಎಲ್ಲ ಹೊಸದು. ಕಾರ್ಬೊರೇಟರ್ ಬೆಂಗಳೂರಿನ ಗುಜರಿಯಲ್ಲಿ ಸಿಕ್ಕಿದ್ದು, ಯಾರ ಗಾಡಿಯದೋ. ಅಪ್ಪನ ಕೈ ಸೋಕಿದ್ದೆಂದು ಹೇಳಬಹುದಾದದ್ದು ನಂಬರು ಕೊರೆದ ಚೌಕಟ್ಟು, ಎಂಜಿನ್ನಿನ ಹೊರಗವಚ, ಪೆಟ್ರೋಲ್ ಟ್ಯಾಂಕು ಮತ್ತು ಗೇರಿಗೂ ಕಿಕ್ಕಿಗೂ ಒಂದೇ ಆಗಿರುವ ಆ ವಿಚಿತ್ರ ಕಡ್ಡಿ, ಇಷ್ಟೇ.

ಹಾಗಾದರೆ ಇದು ಭಾವನ ಗಾಡಿಯೇ? ಇದು ಬಹಳ ಹಳೆಯ ಪ್ರಶ್ನೆ. ಅಥೆನ್ಸಿನವರು ಥೀಸಿಯಸ್ ಎಂಬ ವೀರನ ಹಡಗನ್ನು ಕಾಪಾಡಿಕೊಂಡು ಬಂದರಂತೆ, ಕೊಳೆತ ಹಲಗೆ ತೆಗೆದು ಹೊಸ ಹಲಗೆ ಹಾಕುತ್ತ. ಅದು ಅದೇ ಹಡಗೋ ಅಲ್ಲವೋ ಎಂದು ಪಂಡಿತರು ವಾದಿಸುತ್ತಿದ್ದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮ ಕಡೆ ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ಕೇಳುತ್ತಾನೆ: ರಥವೆಂದರೆ ಚಕ್ರವೇ, ಅಚ್ಚೇ, ನೊಗವೇ? ಯಾವುದೂ ಅಲ್ಲ. ಎಲ್ಲ ಕೂಡಿದಾಗ ನಾವು ಕರೆಯುವ ಹೆಸರು ಮಾತ್ರ ಅದು. ಈ ಉತ್ತರ ನನಗೆ ಒಪ್ಪಿಗೆಯೇ. ಆದರೆ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ಆ ಕೂಟದಲ್ಲಿ ಯಾವುದು ಇರಬೇಕು, ಯಾವುದು ಬೇಡ ಎಂದು ತೀರ್ಮಾನ ಮಾಡುವವರು ಯಾರು?

ಗಾಡಿ ಬಣ್ಣಕ್ಕೆ ಹೋಗುವ ಮೊದಲು ಅಕ್ಕನೂ ನಾನೂ ನೋಡಲು ಹೋಗಿದ್ದೆವು. ಗೋಡೆಯ ಬುಡದಲ್ಲಿ ಬಿಸಾಡುವ ಸಾಮಾನಿನ ಗುಡ್ಡೆ ಇತ್ತು. ಅದರಲ್ಲಿ ಸೀರೆ ಗಾರ್ಡ್ ಬಿದ್ದಿತ್ತು, ಪಕ್ಕಕ್ಕೆ ತಿರುಗಿ ಕೂತವರು ಕಾಲಿಡುವ ಕಬ್ಬಿಣದ ಮೆಟ್ಟೂ ಇತ್ತು.

"ಇದನ್ಯಾಕೋ ತೆಗೆದೆ?" ಎಂದು ನಾನು ಕೇಳಿದೆ.

"ಒರಿಜಿನಲ್ ಜಾವಾಕ್ಕೆ ಇದು ಇಲ್ಲ ಚಿಕ್ಕಮ್ಮ. ಅಪ್ಪ ಆಮೇಲೆ ವೆಲ್ಡಿಂಗ್ ಅಂಗಡೀಲಿ ಮಾಡಿಸಿದ್ದು."

ಅಕ್ಕ ಆ ತುಕ್ಕು ಹಿಡಿದ ಜಾಲರಿಯನ್ನು ಎತ್ತಿಕೊಂಡಳು. "ನನ್ನ ಮದುವೆ ಆದ ವಾರ ಮಾಡಿಸಿದ್ದು. ಹಾಗಾದ್ರೆ ನಾನೂ ಆಮೇಲೆ ಸೇರ್ಕೊಂಡೋಳೇ ಬಿಡು" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದ್ದು. ಇಪ್ಪತ್ತು ವರ್ಷ ಆ ಗಾಡಿಯ ಹಿಂದೆ ಕೂತವಳು ಅವಳು. ಬಾಣಂತನ ಮುಗಿಸಿ ಇದೇ ಮಗನನ್ನು ಮಡಿಲಲ್ಲಿಟ್ಟುಕೊಂಡು ಬಂದದ್ದೂ ಅದರ ಮೇಲೆಯೇ.

ಹುಡುಗನ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಒಬ್ಬೊಬ್ಬರೂ ಸೇರಿಸಿದ್ದನ್ನೆಲ್ಲ ಉಳಿಸುತ್ತ ಹೋದರೆ, ಮೈಸೂರಿನ ಆ ಕಾರ್ಮಿಕರು ಮಾಡಿ ಕಳಿಸಿದ ಗಾಡಿ ಹೇಗಿತ್ತೆಂದು ಮುಂದೆ ತಿಳಿಯುವುದಾದರೂ ಹೇಗೆ? ಅದೂ ಒಂದು ಸತ್ಯ, ಅದನ್ನು ಕಾಯುವವರೂ ಬೇಕು. ಅಲ್ಲದೆ ಅಕ್ಕನ ಗಾರ್ಡ್ ಉಳಿಸುವುದಾದರೆ ತಿಪಟೂರಿನ ಯಜಮಾನರು ಹಾಲಿನ ಕ್ಯಾನಿಗಾಗಿ ಹಾಕಿಸಿದ್ದ ಕೊಕ್ಕೆಗಳನ್ನೇಕೆ ಉಳಿಸಬಾರದು? ಅವರದೂ ಬದುಕೇ. ಈ ಮಾತು ಹುಡುಗನ ತಲೆಯಲ್ಲೂ ಬಂದಿರಬೇಕು, ಅವರಿಗೆ ಫೋನು ಮಾಡಿ ಕೇಳಿದ. "ಬಿಸಾಕಿ ಸ್ವಾಮಿ, ಈಗ ಮನೆ ಮುಂದಕ್ಕೇ ಟೆಂಪೋ ಬರುತ್ತೆ" ಎಂದು ಅವರು ನಕ್ಕರಂತೆ.

ಒಂದೇ ಪ್ರಶ್ನೆಗೆ ಇಬ್ಬರದು ಎರಡು ಉತ್ತರ. ಕೊಕ್ಕೆ ಹೋಯಿತು, ಗಾರ್ಡ್ ಉಳಿಯಿತು. ಅವನು ಅದರ ತುಕ್ಕು ಉಜ್ಜಿ, ಕರಿ ಬಣ್ಣ ಬಳಿದು ಮತ್ತೆ ಹಾಕಿದ್ದಾನೆ. ಹಳೆಯ ಜಾವಾದವರೆಲ್ಲ ಸೇರುವ ಜುಲೈ ತಿಂಗಳ ದಿನದಂದು ಬಲ್ಲವರು ಬಂದು, 'ಎಲ್ಲಾ ಸರಿ, ಇದೊಂದು ಯಾಕೆ?' ಎನ್ನುತ್ತಾರಂತೆ. ಆಗ ಅವನು ತಾಯಿಯ ವಿಷಯ ಹೇಳಬೇಕಾಗುತ್ತದೆ. ಆ ಪ್ರಶ್ನೆ ಬರುತ್ತಿರಲಿ ಎಂದೇ ನನ್ನ ಆಸೆ.

ನೋಡಿ, ಆ ಜಾಲರಿ ಬರೀ ಚಂದಕ್ಕಲ್ಲ. ಚಕ್ರಕ್ಕೆ ಸೆರಗು ಸಿಕ್ಕಿದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಕೂತವರ ಬಟ್ಟೆ ಸಿಲುಕದಂತೆ ಹಿಂಚಕ್ರದ ಅರ್ಧವನ್ನಾದರೂ ಮರೆಮಾಡುವ ರಕ್ಷಣೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಆದರೂ ಗಾಡಿಯ ಚರಿತ್ರೆ ಬರೆಯುವಾಗ ಅದು ಲೆಕ್ಕಕ್ಕಿಲ್ಲದ್ದು, ಆಮೇಲೆ ಸೇರಿದ್ದು. ನಮ್ಮ ಮನೆತನಗಳ ವಂಶವೃಕ್ಷ ಬಿಡಿಸಿ ನೋಡಿ. ಮುತ್ತಜ್ಜನಿಂದ ಮೊಮ್ಮಗನವರೆಗೆ ಗಂಡಸರ ಹೆಸರು ಸಾಲಾಗಿರುತ್ತದೆ. ಅವರನ್ನೆಲ್ಲ ಹೆತ್ತವರ ಹೆಸರು ಎಷ್ಟೋ ಕಡೆ ಇರುವುದೇ ಇಲ್ಲ. ಅವರೂ ಆಮೇಲೆ ಬಂದವರು ತಾನೆ? ಕೆಟ್ಟ ಮನಸ್ಸಿನಿಂದ ಬಿಟ್ಟದ್ದಲ್ಲ ಅದು. ಅಸಲು ಯಾವುದೆಂದು ಮೊದಲೇ ತೀರ್ಮಾನವಾಗಿತ್ತು, ಅಷ್ಟೇ.

ಹಳೆಯದನ್ನು ಹುಡುಕಿ ತಂದು ಜೀವ ಕೊಡುವುದು ಒಳ್ಳೆಯ ಕೆಲಸ. ಅದಕ್ಕೆ ತಾಳ್ಮೆ ಬೇಕು, ಕೈಗೆ ಕೆಲಸ ಗೊತ್ತಿರಬೇಕು, ದುಡ್ಡೂ ಬೇಕು. ಇವೆಲ್ಲದರ ಜೊತೆಗೆ ಕೇಳುವ ಗುಣವೂ ಬೇಕು ಎನ್ನುತ್ತೇನೆ ನಾನು. ಗಾಡಿ ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೆಂಬುದನ್ನು ಕಂಪನಿಯ ಪುಸ್ತಕ ಹೇಳುತ್ತದೆ. ಅಲ್ಲಿಂದಾಚೆಗೆ ಅದರಲ್ಲಿ ಯಾವುದು ಉಳಿಯಬೇಕೆಂಬುದನ್ನು ಆ ಪುಸ್ತಕ ಹೇಳಲಾರದು. ಅದರೊಡನೆ ಬದುಕಿದವರನ್ನು ಕೇಳಿಯೇ ತಿಳಿಯಬೇಕು, ಅವರು ಇರುವಾಗಲೇ.