ಸೋಮಾರಿತನವೋ, ಥೈರಾಯ್ಡೋ?

ಮೇಷ್ಟ್ರು: ಡಾಕ್ಟ್ರೇ, ಮನಸ್ಸು ಕುಗ್ಗಿದೆ ಎಂದು ಬಂದವರಿಗೂ ನೀವು ಥೈರಾಯ್ಡ್ ಪರೀಕ್ಷೆ ಬರೆದುಕೊಡುತ್ತೀರಿ. ದುಃಖದ ಕಾರಣ ಬದುಕಿನಲ್ಲಿರುತ್ತದೆ. ಕುತ್ತಿಗೆಯ ಗ್ರಂಥಿಯೊಂದರಲ್ಲಿ ಅದನ್ನು ಹುಡುಕಿದರೆ ಮನುಷ್ಯನನ್ನು ಬರೀ ರಸಾಯನವೆಂದು ಎಣಿಸಿದಂತಾಗುವುದಿಲ್ಲವೇ?

ಡಾಕ್ಟರು: ಹುಡುಕದೆ ಹೋದರೆ ಆಗುವ ಅನ್ಯಾಯ ಅದಕ್ಕಿಂತ ದೊಡ್ಡದು, ಮೇಷ್ಟ್ರೇ. ಥೈರಾಯ್ಡ್ ಸುರಿಸುವ ಹಾರ್ಮೋನು ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ಮಿದುಳಿನ ಕೋಶಗಳೂ ಅದಕ್ಕೆ ಹೊರತಲ್ಲ. ಅದು ಕಡಿಮೆಯಾದಾಗ ಸುಸ್ತು, ಮರೆವು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕಾಣಿಸಿಕೊಳ್ಳುತ್ತವೆ. ಖಿನ್ನತೆಯ ಲಕ್ಷಣಗಳೂ ಇವೇ. ಮನೆಯವರು ಸೋಮಾರಿತನ ಎನ್ನುವುದೂ ಇವನ್ನೇ. 1949ರಲ್ಲಿ ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್ 14 ರೋಗಿಗಳ ವಿವರ ಪ್ರಕಟಿಸಿದರು. ಅವರೆಲ್ಲರಲ್ಲೂ ಥೈರಾಯ್ಡ್ ತೀರಾ ಸೊರಗಿತ್ತು, ಬುದ್ಧಿಯೂ ಕದಡಿತ್ತು. ಗ್ರಂಥಿಯ ಸಾರವನ್ನು ಔಷಧಿಯಾಗಿ ಕೊಟ್ಟ ಮೇಲೆ ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು. ಕಾರಣ ಎಲ್ಲಿದೆ ಎಂದು ನೋಡದೆ ಇವರಿಗೆ ಧೈರ್ಯದ ಮಾತನ್ನಷ್ಟೇ ಹೇಳಿದ್ದರೆ ಏನು ಪ್ರಯೋಜನವಾಗುತ್ತಿತ್ತು?

ಮೇಷ್ಟ್ರು: ಒಪ್ಪೋಣ. ಆದರೆ ಒಂದು ಮಾತ್ರೆ ನನ್ನ ಉತ್ಸಾಹವನ್ನು ಮರಳಿಸಬಲ್ಲದು ಎಂದಾದರೆ, ನನ್ನ ತಾಳ್ಮೆ, ನನ್ನ ಪ್ರೀತಿ ಎಲ್ಲವೂ ಗ್ರಂಥಿಗಳ ಲೀಲೆಯೇ ಆಗಿಬಿಡುತ್ತವಲ್ಲ!

ಡಾಕ್ಟರು: ಒಂದಿಲ್ಲದೆ ಇನ್ನೊಂದು ನಡೆಯದು ಎಂದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ. ಪ್ರೀತಿಸುವ ತ್ರಾಣಕ್ಕೆ ಹಾರ್ಮೋನು ಬೇಕು. ಯಾರನ್ನು, ಏಕೆ ಪ್ರೀತಿಸಬೇಕೆಂದು ಅದು ಹೇಳುವುದಿಲ್ಲ. ಇನ್ನು, ಈ ದಾರಿಯಲ್ಲಿ ಸಂಚಾರ ಎರಡೂ ಕಡೆಗಿದೆ. ಸಾಲಗಾರನ ಕೈಗೆ ಬ್ಯಾಂಕಿನ ಜಪ್ತಿ ನೋಟೀಸು ಬಂತೆನ್ನಿ. ಕಾಗದದ ಮೇಲಿನ ಶಾಯಿಗೆ ಯಾವ ಔಷಧಗುಣವೂ ಇಲ್ಲ, ವಿಷಗುಣವೂ ಇಲ್ಲ. ಓದಿ ಅರ್ಥವಾದ ಕೂಡಲೇ ಮಿದುಳಿನ ಹೈಪೊಥಲಾಮಸ್ ಭಾಗ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸುತ್ತದೆ, ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತದೆ. ಓದಲು ಬಾರದವನ ಕೈಯಲ್ಲಿ ಅದೇ ಕಾಗದ ಸುಮ್ಮನಿರುತ್ತದೆ. ಅಂದರೆ ಅರ್ಥವೇ ಇಲ್ಲಿ ಗ್ರಂಥಿಯನ್ನು ಕುಣಿಸಿತು. ಮನುಷ್ಯ ಬರೀ ರಸಾಯನವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಮೇಷ್ಟ್ರು: ಹಾಗಿದ್ದರೂ ಒಂದು ಭಯ ಉಳಿಯುತ್ತದೆ. ಸಾಲ ತೀರಿಸುವ ದಾರಿ ತೋರಿಸುವುದಕ್ಕಿಂತ ಮಾತ್ರೆ ಬರೆದುಕೊಡುವುದು ಸುಲಭ. ನಾಳೆ ಪ್ರತಿ ಸಂಕಟಕ್ಕೂ ಒಂದು ಹಾರ್ಮೋನು ಮಾರಾಟಕ್ಕೆ ಬರಬಹುದು.

ಡಾಕ್ಟರು: ಆ ಭಯ ನ್ಯಾಯವಾದದ್ದೇ. ಅದಕ್ಕೆ ಲಗಾಮು ಹಾಕುವುದೂ ಪುರಾವೆಯೇ. ಥೈರಾಯ್ಡ್ ಕೊರತೆ ಅತ್ಯಲ್ಪವಾಗಿದ್ದ, 65 ದಾಟಿದ 737 ಯುರೋಪಿಯನ್ನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಅರ್ಧದಷ್ಟು ಜನರಿಗೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. ವರ್ಷ ಕಳೆದರೂ ಸುಸ್ತಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕೊರತೆ ಸ್ಪಷ್ಟವಾಗಿ ಇದ್ದಲ್ಲಿ ಮಾತ್ರೆಯನ್ನು ತಡೆಯಬಾರದು, ಇಲ್ಲದಲ್ಲಿ ಅದನ್ನು ಹೇರಬಾರದು.

ಮೇಷ್ಟ್ರು: ಪರೀಕ್ಷೆಯಲ್ಲಿ ಎಲ್ಲವೂ ನಾರ್ಮಲ್ ಎಂದು ಬಂದರೆ, ಮನಸ್ಸು ಕುಗ್ಗಿ ಬಂದವರ ನೋವು ಸುಳ್ಳಾಗುತ್ತದೆಯೇ?

ಡಾಕ್ಟರು: ಎಂದಿಗೂ ಇಲ್ಲ. ಆ ವರದಿ ಒಂದು ಕಾರಣವನ್ನು ಪಟ್ಟಿಯಿಂದ ತೆಗೆಯುತ್ತದೆ, ಅಷ್ಟೇ. ಆಗ ಸಾಲ, ಒಂಟಿತನ, ಅವಮಾನ, ಮನೋರೋಗ ಎಲ್ಲವನ್ನೂ ಕೇಳಿ ತಿಳಿಯುವ ಹೊಣೆ ನಮ್ಮ ಮೇಲೆ ಇನ್ನಷ್ಟು ಬೀಳುತ್ತದೆ. ರಕ್ತಪರೀಕ್ಷೆ ಮಾಡಿಸದೆ ಒಬ್ಬರನ್ನು ಸೋಮಾರಿ ಎನ್ನುವುದು ಎಷ್ಟು ತಪ್ಪೋ, ವರದಿ ಸರಿಯಿದೆ ಎಂಬ ಕಾರಣಕ್ಕೆ ಅವರ ಮಾತು ಕೇಳದೆ ಮನೆಗೆ ಕಳಿಸುವುದೂ ಅಷ್ಟೇ ತಪ್ಪು.