ಕಿರ್ರ್ ಅನ್ನೋದು ಭಾರಕ್ಕಲ್ಲ

ಪಿಕಪ್ ಗಾಡಿಯ ಲೀಫ್ ಸ್ಪ್ರಿಂಗ್ ಕಿರ್ರ್ ಅಂದ್ರೆ ಲೋಡ್ ಜಾಸ್ತಿ ಆಯ್ತು ಅಂತೀವಿ. ಎಷ್ಟೋ ಸಲ ಕಾರಣ ಪ್ಲೇಟುಗಳ ನಡುವಿನ ಧೂಳು, ತುಕ್ಕು. ಇಲ್ಲವೇ ಸವೆದ ರಬ್ಬರ್ ಬುಷ್. ಹೊರಗಿಂದ ಎಣ್ಣೆ ಬಿಟ್ಟರೆ ನಾಲ್ಕು ದಿನ ಸುಮ್ಮನಿರುತ್ತೆ; ಆಮೇಲೆ ಆ ಎಣ್ಣೆಗೇ ಧೂಳು ಅಂಟುತ್ತೆ. ಒಳ್ಳೆ ಮೆಕ್ಯಾನಿಕ್ ಚಾಸಿ ಎತ್ತಿ ಸ್ಪ್ರಿಂಗ್ ಮೇಲಿನ ಭಾರ ತೆಗೀತಾನೆ, ಪ್ಲೇಟ್ ಬಿಡಿಸಿ ತುಕ್ಕು ಉಜ್ಜುತ್ತಾನೆ, ಆಮೇಲೆ ಗ್ರಾಫೈಟ್ ಗ್ರೀಸ್ ಹಚ್ಚುತ್ತಾನೆ.

ನಮ್ಮ ಆರಾಧನೆ ತಂಡದಲ್ಲೇ ಮಾತು ಬಿಟ್ಟವರಿದ್ದೀರಿ. ಸೇವೆಯ ಭಾರ ಅಂತ ನೆಪ ಹೇಳಬೇಡಿ. ಭಾನುವಾರದ ‘ಪ್ರೇಸ್ ದ ಲಾರ್ಡ್’ ಬರೀ ಹೊರಗಿನ ಎಣ್ಣೆ. ಮೊದಲು ಸಮಾಧಾನ, ಆಮೇಲೆ ಕಾಣಿಕೆ: ಮತ್ತಾಯ 5ರಲ್ಲಿ ಯೇಸು ಇಟ್ಟ ಕ್ರಮ ಇದೇ. ಇವತ್ತು ಕರ್ತನ ಮೇಜಿಗೆ ಬರೋ ಮೊದಲು ಗಿಟಾರ್ ಕೆಳಗಿಡಿ, ಅವರ ಹತ್ತಿರ ಹೋಗಿ. ಪವಿತ್ರಾತ್ಮನ ತೈಲ ಒಳಗೆ ಇಳಿಯಲಿ. ಆಮೆನ್.